ನಾಲ್ಕು ಬದಿ ಅಳೆದರೆ ಗದ್ದೆ ಅಳೆದಂತಾಯಿತೇ?

ಒಂಬತ್ತನೇ ತರಗತಿ, ಮೂರು ಬದಿಗಳಿಂದಲೇ ತ್ರಿಭುಜದ ಕ್ಷೇತ್ರಫಲ ತೆಗೆಯುವ ಹೆರಾನ್ ಸೂತ್ರದ ಪಾಠ. ಪುಸ್ತಕದ ತ್ರಿಭುಜಗಳು ಮುಗಿದಿದ್ದವು. ಗಂಗಾವತಿ ಸೀಮೆಯ ಮಕ್ಕಳು, ಭತ್ತದ ಗದ್ದೆಯಲ್ಲೇ ಬೆಳೆದವರು. "ನಿಮ್ಮ ಮನ್ಯಾಗ ಗದ್ದಿ ಹೆಂಗ ಅಳೀತಾರ?" ಅಂತ ಕೇಳಿದೆ. ಜೂನ್‌ನಿಂದ ಒಂದು ಸಲವೂ ತಾನಾಗಿ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಎದುರಾಬದುರು ಬದಿ ಕೂಡ್ಸಿ ಅರ್ಧ ಮಾಡ್ತಾರ್ರಿ ಸರ್. ಆಮ್ಯಾಲೆ ಎರಡೂ ಗುಣಿಸ್ತಾರ. ನಮ್ಮಪ್ಪ ಲೀಸಿಗೆ ಮಾಡಿದ್ದ ಗದ್ದಿ ಹಂಗ ಅಳದಾರ."

"ಅದು ತಪ್ಪು, ಕೂತ್ಕೋ" ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. "ಇದು ಎಲ್ಲಾ ಗದ್ದಿಗೂ ಸರಿ ಬರತೈತೇನು?" ಎಂದು ಇಡೀ ಕ್ಲಾಸಿಗೆ ಕೇಳಿ, ಚಾಕ್‌ಪೀಸ್ ಕೆಳಗಿಟ್ಟು ಸುಮ್ಮನೆ ನಿಂತೆ.

ಲೆಕ್ಕ ಹಗುರವಾಗಲಿ ಎಂದು ನಾಲ್ಕೂ ಬದಿ 198 ಅಡಿ ಇರುವ ಗದ್ದೆ ಇಟ್ಟುಕೊಂಡೆವು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇದನ್ನು ಆ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. 198 ಅಂದರೆ ಆರು ಮೂವತ್ಮೂರು, ಆರಾರಲೆ ಮೂವತ್ತಾರು ಗುಂಟೆ. ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ಮೂರನೇ ಸಾಲಿನ ಹುಡುಗಿ ಅಕ್ಕಪಕ್ಕದವರಿಂದ 15 ಸೆಂಟಿಮೀಟರಿನ ನಾಲ್ಕು ಸ್ಕೇಲ್ ಇಸಿದುಕೊಂಡು ಬೆಂಚಿನ ಮೇಲೆ ಚೌಕ ಜೋಡಿಸಿದಳು. ತುದಿಗಳನ್ನು ಬೆರಳಲ್ಲಿ ಒತ್ತಿ ಹಿಡಿದು, ಚೌಕವನ್ನು ಮೆಲ್ಲಗೆ ಒಂದು ಕಡೆ ವಾಲಿಸಿದಳು.

"ಬದಿ ಅಷ್ಟೇ ಅದಾವ್ರಿ ಸರ್. ಗದ್ದಿ ಸಣ್ಣದಾತು."

ಕ್ಲಾಸು ಆ ಬೆಂಚಿನ ಸುತ್ತ ನೆರೆಯಿತು. "ಇನ್ನೂ ಒತ್ತಿದ್ರ ಗದ್ದಿನೇ ಇರಂಗಿಲ್ಲಲೇ" ಅಂತ ಒಬ್ಬ. ಹಾಗಾದರೆ ಇನ್ನೇನು ಅಳೆಯಬೇಕು? ನಾನು ಕೇಳುವ ಮೊದಲೇ ಹಿಂದಿನ ಬೆಂಚಿನವನೇ ಹೇಳಿದ: "ಮೂಲಿಯಿಂದ ಮೂಲಿಗೆ ಹಗ್ಗ ಹಿಡೀಬೇಕ್ರಿ." ಕರ್ಣ ಎಂಬ ಶಬ್ದ ಅವನ ಬಾಯಿಂದ ಬರಲಿಲ್ಲ, ಕರ್ಣ ಬಂತು. ಆ ಹಗ್ಗವೂ 198 ಅಡಿ ಇದ್ದರೆ ಎರಡು ತ್ರಿಭುಜ, ಹೆರಾನ್ ಸೂತ್ರ ಹಾಕಿದರೆ 31 ಗುಂಟೆ ಚಿಲ್ಲರೆ. ಮೂವತ್ತಾರು ಎಲ್ಲಿ, ಮೂವತ್ತೊಂದು ಎಲ್ಲಿ!

"ಹಂಗಾರ ಇಲ್ಲದ ಗುಂಟೆಗೆ ನಮ್ಮಪ್ಪ ಚೀಲ ಕೊಡ್ತಾನೇನ್ರಿ ಸರ್?" ಎಂದ ಹುಡುಗ. ಎಕರೆಗೆ ಇಷ್ಟು ಚೀಲ ಎಂದೇ ಇಲ್ಲಿ ಲೀಸ್ ಮಾತಾಗುವುದು. ಅದಕ್ಕೆ ಇನ್ನೊಬ್ಬಳು, "ನಮ್ಮವ್ವ ಎಕರೆ ಲೆಕ್ಕದಾಗ ಸಸಿ ಹಚ್ಚಾಕ ಹೋಗ್ತಾಳ. ಹಂಗ ಅಳದ್ರ ಆಕಿಗೆ ಪಾಡ" ಅಂದಳು. ಆಮೇಲೆ ಇಬ್ಬರಿಗೂ ಜಗಳದಂಥ ಚರ್ಚೆ ಹತ್ತಿತು. ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಈ ಎದುರುಬದುರಿನ ಲೆಕ್ಕ ಬಹಳ ಹಳೆಯದು. 628ರಲ್ಲಿ ಬ್ರಹ್ಮಗುಪ್ತ ಇದನ್ನು ಸ್ಥೂಲ ಲೆಕ್ಕವೆಂದೇ ಹೇಳಿದ್ದಾನೆ. ಆಯತ, ಚೌಕಗಳಿಗೆ ಸರಿ, ಉಳಿದ ಯಾವ ಚತುರ್ಭುಜಕ್ಕೂ ಇದು ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. 1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಇನ್ನೂ ಖಾರವಾಗಿ ಬರೆದ: ನಾಲ್ಕು ಬದಿಯಿಂದಷ್ಟೇ ಆಕಾರ ನಿಲ್ಲುವುದಿಲ್ಲ ಎಂದು ತಿಳಿಯದೆ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ. ಮರುದಿನ ಇದನ್ನು ಹೇಳಿದಾಗ ಸ್ಕೇಲ್ ಹಿಡಿದಿದ್ದ ಹುಡುಗಿಯ ಮುಖ ನೋಡಬೇಕಿತ್ತು ನೀವು.

ನನ್ನ ಮಾತು ಇಷ್ಟೇ. ನಮ್ಮ ಮಕ್ಕಳಿಗೆ ಯೋಚಿಸಲು ಬರುವುದಿಲ್ಲ ಎನ್ನುವುದು ಸುಳ್ಳು. ಗಣಿತದ ಮೇಷ್ಟ್ರುಗಳಾದ ನಮಗೆ ಸುಮ್ಮನಿರಲು ಬರುವುದಿಲ್ಲ. ಸರಿಯುತ್ತರ ಬಂದ ಕೂಡಲೇ "ವೆರಿಗುಡ್" ಅಂದು ಮುಂದಕ್ಕೆ ಓಡುತ್ತೇವೆ, ತಪ್ಪುತ್ತರ ಬಂದರೆ ಪಕ್ಕದವನನ್ನು ಕೇಳುತ್ತೇವೆ. ಎರಡೂ ಕಡೆ ಮಕ್ಕಳ ತಲೆ ಓಡುವುದು ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ನಾನು ಮೊಬೈಲಿನಲ್ಲಿ ನನ್ನದೇ ಪಾಠ ರೆಕಾರ್ಡ್ ಮಾಡಿ ಕೇಳಿದೆ. ನನ್ನದೂ ಒಂದೇ ಸೆಕೆಂಡ್. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಇದನ್ನು ಬಿಡಿಸುವುದು ತರಬೇತಿಯಿಂದ ಆಗುವುದಲ್ಲ. ಎಷ್ಟೋ ತರಬೇತಿಗೆ ಹೋಗಿದ್ದೇನೆ. "ಮಕ್ಕಳನ್ನು ಚರ್ಚೆಗೆ ಹಚ್ಚಿ" ಎಂದು ಸಂಜೆಯ ತನಕ ಸ್ಲೈಡ್ ತೋರಿಸಿದವರು ನಮ್ಮೊಂದಿಗೆ ಐದು ನಿಮಿಷ ಚರ್ಚೆ ಮಾಡಿದ್ದು ಕಾಣೆ. ನನಗೆ ನಿಜಕ್ಕೂ ಸಹಾಯವಾದದ್ದು ಪಕ್ಕದೂರಿನ ಹೈಸ್ಕೂಲಿನ ಪಿಸಿಎಂ (ಭೌತ, ರಸಾಯನ, ಗಣಿತ) ಮೇಡಂ. ಒಂದು ದಿನ ನನ್ನ ಕ್ಲಾಸಿನ ಹಿಂದೆ ಕೂತು, ಯಾರು ಎಷ್ಟು ಸಲ ಮಾತಾಡಿದರು ಎಂದು ಗೀಟು ಹಾಕುತ್ತಾ ಹೋದರು. 42 ಮಕ್ಕಳಲ್ಲಿ ಬಾಯಿ ಬಿಟ್ಟವರು ಏಳು, ಅದರಲ್ಲಿ ಹುಡುಗಿ ಒಬ್ಬಳೇ. ಅವರು ಟೀಕೆ ಮಾಡಲಿಲ್ಲ, ಹಾಳೆ ಕೈಗೆ ಕೊಟ್ಟು ಹೋದರು. ಮುಂದಿನ ವಾರ ನಾನು ಅವರ ಕ್ಲಾಸಿನಲ್ಲಿ ಕೂತೆ. "ಆಕಿ ಹೇಳಿದ್ದನ್ನ ನಿನ್ನ ಮಾತಿನಾಗ ಹೇಳು" ಎಂದು ಅವರು ಕೇಳುವ ರೀತಿ, "ಹೆಂಗ ಗೊತ್ತಾತು?" ಎಂದು ಸರಿಯುತ್ತರಕ್ಕೂ ಬಿಡದೆ ಕೇಳುವ ರೀತಿ ಅಲ್ಲಿಂದ ಕಲಿತೆ. ಜಪಾನಿನಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಸಿದ್ಧಮಾಡಿ, ಒಬ್ಬರು ಕಲಿಸಿ, ಉಳಿದವರು ನೋಡಿ, ಆಮೇಲೆ ಕೂತು ಮಾತಾಡುತ್ತಾರೆ. ಅವರಲ್ಲಿ ಅದು ಬಹುಕಾಲದ ರೂಢಿ. ನಮಗೆ ಅಷ್ಟು ಬೇಡ, ತಿಂಗಳಿಗೆ ಒಂದು ದಿನ ಓಓಡಿ (ಬೇರೆಡೆ ಕರ್ತವ್ಯಕ್ಕೆ ಹೋಗುವ ಅನುಮತಿ) ಕೊಟ್ಟು ಇನ್ನೊಬ್ಬರ ಕ್ಲಾಸಿನಲ್ಲಿ ಕೂರಲು ಬಿಟ್ಟರೆ ಸಾಕು.

ಸಿಲಬಸ್ ಮುಗಿಯುವುದಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ನೋಟಿಸ್ ಬರುವುದು ನಮಗೇ ಎಂದು ಗೆಳೆಯರು ಹೇಳುತ್ತಾರೆ. ಹೌದು, ಆ ಭಯ ನನಗೂ ಇದೆ. ಜನವರಿ ಬಂತೆಂದರೆ ನಾನೂ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್ ಹಂಚುವವನೇ. ಆದರೆ ಗದ್ದೆಯ ಚರ್ಚೆಗೆ ಹೋದದ್ದು ಒಂದು ಪೀರಿಯಡ್. ಆಮೇಲೆ ಕೊಟ್ಟ ಟೆಸ್ಟಿನಲ್ಲಿ ಹೆರಾನ್ ಲೆಕ್ಕವನ್ನು ಖಾಲಿ ಬಿಟ್ಟವರು ಇಬ್ಬರೇ, ಹಿಂದಿನ ವರ್ಷ ಅರ್ಧ ಕ್ಲಾಸು ಬಿಟ್ಟಿತ್ತು.

ಆ ಹುಡುಗ ಭಾನುವಾರ ಅಪ್ಪನ ಜೊತೆ ಹೋಗಿ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಬಂದಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ ಐದು ಅಳತೆ ಇವೆ, ಬದಿ ನಾಲ್ಕು, ಹಗ್ಗ ಒಂದು. ಗುರುವಾರ ಮೂರನೇ ಪೀರಿಯಡ್‌ನಲ್ಲಿ ಅದನ್ನೇ ಬೋರ್ಡ್ ಮೇಲೆ ಹಾಕುತ್ತೇವೆ. ಗಂಗಾವತಿ, ಕಾರಟಗಿ, ಕನಕಗಿರಿ ಕಡೆಯ ಗಣಿತ ಶಿಕ್ಷಕರು ಯಾರಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದಿದ್ದರೆ ಮೆಸೇಜ್ ಮಾಡಿ, ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಡುತ್ತೇನೆ.