ಡೋಗೋನರು ಮತ್ತು ಲುಬ್ಧಕದ ಕಥೆ: ಸತ್ಯಾಂಶ

ಮಾಲಿ ದೇಶದ ಡೋಗೋನ್ ರೈತರಿಗೆ ಲುಬ್ಧಕ (ಸಿರಿಯಸ್) ಎಂಬ ಹೊಳೆಯುವ ನಕ್ಷತ್ರದ, ಬರಿಗಣ್ಣಿಗೆ ಕಾಣದ ಜೊತೆ ನಕ್ಷತ್ರದ ವಿಷಯ ಅನ್ಯಗ್ರಹದವರೇ ಹೇಳಿದ್ದರು ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಅದಕ್ಕೆ ಆಧಾರ ಇಲ್ಲ.

ಆ ನಕ್ಷತ್ರ 1862ರಲ್ಲೇ ದೂರದರ್ಶಕದಲ್ಲಿ ಕಂಡಿತ್ತು. ಡೋಗೋನರ ಹೆಸರಿನಲ್ಲಿ ಕಥೆ ಅಚ್ಚಾದದ್ದು 1950ರಲ್ಲಿ, ಅದೂ ಕೆಲವೇ ಜನರ ಮಾತು ಕೇಳಿ. ಹೊರಗಿನಿಂದ ಸುದ್ದಿ ತಲುಪಲು ಅಷ್ಟು ಕಾಲ ಸಾಕಲ್ವಾ? ಆಮೇಲೆ ಅಲ್ಲೇ ಇದ್ದು ವಿಚಾರಿಸಿದ ಸಂಶೋಧಕರೊಬ್ಬರು, ಊರಿನವರಿಗೆ ಇಂಥ ಕಥೆ ಗೊತ್ತೇ ಇಲ್ಲ ಎಂದು 1991ರಲ್ಲಿ ಬರೆದರು.

ಇಂಥ ಸಂದೇಶ ಬಂದರೆ ಇಸವಿ ನೋಡಿ. ವಿಷಯ ಪತ್ತೆಯಾದದ್ದು ಯಾವಾಗ, ಕಥೆ ಬರೆದಿಟ್ಟದ್ದು ಯಾವಾಗ? ಬೇರೆಯವರು ಕೇಳಿದಾಗಲೂ ಅದೇ ಉತ್ತರ ಸಿಕ್ಕಿತಾ?

ಹಂಚಿದವರ ಕುತೂಹಲ ತಪ್ಪಲ್ಲ. ಬಾಂಡಿಯಾಗರಾ ಬಂಡೆಗಳ ಬಳಿ ಸಜ್ಜೆ, ಈರುಳ್ಳಿ ಬೆಳೆಯುವ ಈ ಜನರಲ್ಲಿ ಬೆರಗಾಗುವಂಥದ್ದು ಜಾಸ್ತಿಯೇ ಇದೆ. ಸತ್ತವರನ್ನು ಪೂರ್ವಜರ ಲೋಕಕ್ಕೆ ಕಳಿಸಲು ಅವರು ಮುಖವಾಡ ತೊಟ್ಟು ಕುಣಿಯುತ್ತಾರೆ. ಅದಕ್ಕೆ ದಾಮಾ ಎಂದು ಹೆಸರು.