ಮಂದಿ ನಡುವನೂ ಧ್ಯಾನ ಕೂಡ್ತದ್ರಿ
"ನಾಕು ಮಂದಿ ಕೂಡಿದಲ್ಲಿ ಧ್ಯಾನ ಆಗಂಗಿಲ್ಲ, ಏಕಾಂತನ ಬೇಕು" ಅಂತ ಬರದೀರಲ್ರಿ ಸರ್, ಇದೊಂದು ಮಾತು ನಾ ಒಪ್ಪಂಗಿಲ್ಲ. ಮುಂಜಾನೆ ಇಷ್ಟಲಿಂಗ ಅಂಗೈಯಾಗ ಹಿಡಕೊಂಡು ಒಬ್ಬನ ಕುಂತ್ರ ಕಣ್ಣು ಲಿಂಗದ ಮ್ಯಾಲೆ, ತಲಿ ಮಾತ್ರ ಇಎಂಐ ಮತ್ತ ನಳ ಯಾವಾಗ ಬರ್ತದ ಅನ್ನೋದರಾಗ (ಹುಬ್ಬಳ್ಳಿಯವ್ರಿಗೆ ಇದು ಹೇಳೋದ ಬ್ಯಾಡ). ಅದ ಸಿದ್ಧಾರೂಢ ಮಠದಾಗ ಎಲ್ಲಾರ ಕೂಡ ಓಂ ನಮಃ ಶಿವಾಯ ಅನ್ಕೋತ ಕುಂತ್ರ ಉಸಿರು ತಾನ ತಾಳಕ್ಕ ಬೀಳ್ತದ. ಇನ್ನ ನಮ್ಮ ಓಣಿ ಸೋಮವಾರದ ಭಜನಿ ತಪ್ಪಿಸಿದ್ರ ದಮ್ಮಡಿ ಬಾರಸೋ ಕಾಕಾ ಸೀದಾ ಮನಿಗೇ ಬಂದು "ಯಾಕೋ ತಮ್ಮಾ, ಆರಾಮ ಅದಿಯಿಲ್ಲೋ?" ಅಂತಾನ, ನೀವು ಹೇಳೋ ಮೆಡಿಟೇಶನ್ ಆ್ಯಪ್ ಕೇಳ್ತದನ್ರಿ ಹಂಗ? 12ನೇ ಶತಮಾನದ ಶರಣರೂ ಲಿಂಗಪೂಜಾ ಮಾಡಿದವ್ರ, ಆದ್ರ ಅನುಭವ ಮಂಟಪದಾಗ ಕೂಡಿ ಮಾತಾಡೋದು ಬಿಡಲಿಲ್ಲಲ್ರಿ.