ಪ್ರೋಗ್ರಾಮಿಂಗ್ ಕಲಿಯುವವರಿಂದ ಪಟ್ಟಿ ಕಟ್ಟುವ ವೇಗವನ್ನು ಮೊದಲ ವಾರವೇ ಅಳೆಯಿಸಬೇಕೇ?

ಪರ

ಕೊಪ್ಪಳದ ಪದವಿ ತರಗತಿಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ತನ್ನ ತಾಲ್ಲೂಕಿನ ಮಳೆಯ ಲೆಕ್ಕ ಹಾಕುವ ವಿದ್ಯಾರ್ಥಿಗೆ, ಖಾಲಿ ಪಟ್ಟಿಯೊಂದನ್ನು ಇಟ್ಟುಕೊಂಡು ಅದಕ್ಕೆ ಒಂದೊಂದೇ ಅಂಕಿ ಸೇರಿಸುತ್ತ ಹೋಗುವುದು ಸಹಜವೆನಿಸುತ್ತದೆ. ಗಣಿತದ ಲೆಕ್ಕಗಳಿಗೆ ಬಳಸುವ ಮ್ಯಾಥಮ್ಯಾಟಿಕಾ ತಂತ್ರಾಂಶದಲ್ಲಿ ಈ ಕೆಲಸ ಮಾಡುವ ‘ಅಪೆಂಡ್‌ಟು’ ಆದೇಶವು ಪ್ರತಿ ಸಲವೂ ಇಡೀ ಪಟ್ಟಿಯನ್ನು ಹೊಸದಾಗಿ ನಕಲು ಮಾಡುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗೆ ಒಂದು ಭತ್ತದ ಚೀಲ ಬಂದಾಗಲೆಲ್ಲ, ಹಮಾಲರು ಹಳೆಯ ಚೀಲಗಳನ್ನೆಲ್ಲ ಬೇರೊಂದು ಗೋದಾಮಿಗೆ ಹೊತ್ತು ಹಾಕಿದಂತೆ ಇದು. 10,000 ಅಂಕಿ ಸೇರುವಷ್ಟರಲ್ಲಿ ಸುಮಾರು 5 ಕೋಟಿ ನಕಲು ನಡೆದಿರುತ್ತದೆ. 1 ಲಕ್ಷ ಅಂಕಿಗಾದರೆ ಸುಮಾರು 500 ಕೋಟಿ. ಅದೇ ಪಟ್ಟಿಯನ್ನು ‘ಟೇಬಲ್’ ಆದೇಶದಿಂದ ಒಮ್ಮೆಲೇ ಕಟ್ಟಿದರೆ, ಪಟ್ಟಿ ಉದ್ದವಾದಷ್ಟೇ ಕೆಲಸವೂ ಬೆಳೆಯುತ್ತದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಟ್ಟಿ ಮುಂದೆ ಬರುವ ಅಂಕಿಗಳಿಗೆಂದು ತುಸು ಜಾಗವನ್ನು ಮೊದಲೇ ಹಿಡಿದಿಡುವುದರಿಂದ ಅಲ್ಲಿ ಅಂಕಿ ಸೇರಿಸುವ ‘ಅಪೆಂಡ್’ ಹಗುರ. ಅದೇ ಭಾಷೆಯಲ್ಲಿ ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈ ಎಂಬ ಸಲಕರಣೆಯ ‘ಅಪೆಂಡ್’ ಮಾತ್ರ ಮತ್ತೆ ಪೂರ್ತಿ ನಕಲೇ. ಹೆಸರು ಒಂದೇ ಇದ್ದು ಒಳಗಿನ ನಡೆ ಬೇರೆಯಾಗಿರುವ ಇಂಥ ಕಡೆ, ಸಾವಿರ, ಹತ್ತು ಸಾವಿರ, ಲಕ್ಷ ಅಂಕಿಗಳಿಗೆ ಸಮಯ ಅಳೆದು ನೋಡಿದ ವಿದ್ಯಾರ್ಥಿ ಪಾಠವನ್ನು ಮರೆಯುವುದಿಲ್ಲ.

ವಿರೋಧ

ಮೇಲಿನದೆಲ್ಲ ನಿಜ. ಆದರೆ ಒಂದು ಮಳೆಮಾಪಕದ ಹತ್ತು ವರ್ಷಗಳ ದಿನವಹಿ ಲೆಕ್ಕವೆಂದರೆ ಸುಮಾರು 3,650 ಅಂಕಿಗಳು. ‘ಅಪೆಂಡ್‌ಟು’ ಬಳಸಿದರೂ ಆಗುವ ಸುಮಾರು 67 ಲಕ್ಷ ನಕಲು ಇಂದಿನ ಯಂತ್ರಕ್ಕೆ ಲೆಕ್ಕಕ್ಕಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಬರೀ ದಶಮಾಂಶ ಅಂಕಿಗಳಿರುವ ಪಟ್ಟಿಯನ್ನು ಮ್ಯಾಥಮ್ಯಾಟಿಕಾ ಒತ್ತಾಗಿ ಅಡಕಿ ಇಡಬಲ್ಲದು, ವೇಗ ಬರುವುದೂ ಅದರಿಂದಲೇ. ಅಳತೆ ಸಿಗದ ದಿನಕ್ಕೆ ‘ಮಿಸ್ಸಿಂಗ್’ ಎಂಬ ಒಂದೇ ಗುರುತು ನಡುವೆ ಬಂದರೂ ಆ ಅಡಕ ಬಿಚ್ಚಿಹೋಗುತ್ತದೆ. ಗಡಿಯಾರವನ್ನೇ ನೋಡಲು ಕಲಿತವನು ಅಲ್ಲಿ ಸೊನ್ನೆ ಹಾಕಿ ವೇಗವನ್ನು ಮರಳಿ ಪಡೆಯುತ್ತಾನೆ. ಆದರೆ ನಮ್ಮ ಬಯಲುಸೀಮೆಯಲ್ಲಿ ಮಳೆ ಬಾರದ ದಿನವೂ, ಮಾಪಕವನ್ನು ಯಾರೂ ನೋಡದ ದಿನವೂ ಒಂದೇ ಆಗಲಾರವು. ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ಮೂರು ದಿನ ಅಳತೆ ತಪ್ಪಿ, ಅದರ ಹಿಂದೆ ನಾಲ್ಕು ದಿನ, ಮುಂದೆ ನಾಲ್ಕು ದಿನ ಮಳೆಯಿಲ್ಲದೆ ಹೋಗಿದ್ದರೆ, ಆ ಸೊನ್ನೆಗಳು ಎರಡು ಸಣ್ಣ ಬಿಡುವುಗಳನ್ನು ಹನ್ನೊಂದು ದಿನಗಳ ಒಂದೇ ಬಿಡುವಾಗಿ ಹೊಲಿದುಬಿಡುತ್ತವೆ.

ಮೊದಲ ವಾರ ಮಳೆ ದಾಖಲೆಯ ಪುಸ್ತಕವನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿಸಬೇಕು. ಅಂಕಿಗಳು ಲಕ್ಷ ದಾಟಿದಾಗ ವೇಗ ಅಳೆದರಾಯಿತು.